ರಾಜನಿಗಿಂತ ಮೊದಲ ತುತ್ತು

ಜಾವಾ ದ್ವೀಪದಲ್ಲಿ ಡಚ್ಚರ ದರ್ಬಾರು ನಡೆಯುತ್ತಿದ್ದ ಕಾಲ. ಸಿಂಹಾಸನ ರಾಜನದು, ಹುಕುಂ ಮಾತ್ರ ಡಚ್ ಸಾಹೇಬನದು. ಹಬ್ಬದೂಟಕ್ಕೆ ಬಂದ ಸಾಹೇಬ ಮೀಸೆ ತಿರುವಿ ಗುಡುಗಿದ: "ಇವತ್ತು ರಾಜನಿಗಿಂತ ಮೊದಲು ನನಗೆ ಬಡಿಸಬೇಕು. ಇಲ್ಲದಿದ್ದರೆ ಸಿಂಹಾಸನಕ್ಕೆ ಬೇರೆಯವನನ್ನು ಹುಡುಕುತ್ತೇನೆ!"

ರಾಜನ ಮುಖ ಸಪ್ಪಗಾಯಿತು. ಊಟದ ಸೇವೆಗೆ ನಿಂತಿದ್ದ ಪಾವಿರೊ ಒಳಗೊಳಗೇ ನಕ್ಕ. "ಅದಕ್ಕೇನಂತೆ ಸಾಹೇಬರೇ" ಎಂದು ಅವನ ತಟ್ಟೆಗೆ ಅರಿಶಿನದನ್ನ, ಮೀನು ಬಡಿಸಿದ. ಆಮೇಲೆ ಎದುರಿಗೇ ಕೂತು ಅವನ ಬಾಯನ್ನೇ ನೋಡತೊಡಗಿದ. ಇಡೀ ಆಸ್ಥಾನವೂ ನೋಡಿತು.

"ಏನೋ ಹಾಗೆ ನೋಡ್ತೀಯ?"

"ನಮ್ಮಲ್ಲಿ ರಾಜರಿಗಿಂತ ಮೊದಲು ಉಣ್ಣುವವನು, ಊಟದಲ್ಲಿ ವಿಷ ಇದೆಯಾ ಅಂತ ತಿಂದು ನೋಡುವ ಆಳು. ಇಷ್ಟು ವರ್ಷ ನಾನೇ ಆ ಆಳು. ಇವತ್ತು ಆ ಕೆಲಸ ತಾವೇ ಕೇಳಿ ತಗೊಂಡಿರಿ. ಸುದ್ದಿ ಕೇಳಿದರೆ ನನ್ನ ಹೆಂಡತಿ ಕುಣಿದಾಡುತ್ತಾಳೆ. ಉಣ್ಣಿ ಸಾಹೇಬರೇ, ನಾವು ಕಾಯ್ತೀವಿ."

ಸಾಹೇಬ ಎತ್ತಿದ್ದ ಚಮಚ ಕೆಳಗಿಟ್ಟ. ತಟ್ಟೆಯನ್ನು ಪಾವಿರೊನ ಕಡೆಗೆ ತಳ್ಳಿದ. "ಮೊದಲು ನೀನು ತಿನ್ನು. ಆಮೇಲೆ ರಾಜ ಉಣ್ಣಲಿ. ನನ್ನದು ಕಟ್ಟಕಡೆಗಾಗಲಿ!"

ರಾಜನಿಗೆ ಹೋದ ಜೀವ ಬಂದಂತಾಯಿತು. ಪಾವಿರೊ ದೊಡ್ಡದೊಂದು ಮೀನಿನ ತುಂಡು ಎತ್ತಿಕೊಂಡು ನಿಧಾನಕ್ಕೆ ಚಪ್ಪರಿಸಿದ.

"ಸ್ವಲ್ಪ ತಾಳಿ ಸಾಹೇಬರೇ," ಎಂದ, "ಇನ್ನೊಂದು ತುಂಡು ತಿನ್ನದೆ ಹೇಳೋಕಾಗಲ್ಲ."