ಕಾಲು ತೆಗೆದರೂ ಬಿಡದ ಬ್ರೇಕು

ಗಾಡಿ ಮಾತಾಡೋದು ನಮ್ಮ ಸೀಮೆಯಲ್ಲಿ ನನ್ನ ಕಿವಿಗೆ ಮಾತ್ರ ಕೇಳಿಸುತ್ತೆ. ಬೇಕಾದ್ರೆ ನಂಬಿ.

ಘಾಟಿ ಇಳಿಯುತ್ತಿದ್ದ ಕಾರಿನ ಎಡಚಕ್ರ ಚೀರಿತು: “ಲೋ ಬ್ರೇಕೇ, ಡ್ರೈವರ್ ಕಾಲು ತೆಗೆದು ಎಷ್ಟೊತ್ತಾಯ್ತು! ಇನ್ನೂ ಯಾಕೋ ಹಿಸುಕ್ತೀಯ? ಸುಟ್ಟುಹೋಗ್ತಿದೀನಿ ಕಣೋ!”

“ನಾನಲ್ಲ ಅಕ್ಕಾ, ಹಿಂದಿನಿಂದ ಯಾರೋ ನನ್ನನ್ನು ಒತ್ತುತ್ತಲೇ ಇದ್ದಾರೆ. ತಿರುಗಿ ನೋಡಿದರೆ ಯಾರೂ ಕಾಣ್ತಿಲ್ಲ,” ಎಂದು ಬ್ರೇಕು ನಡುಗಿತು.

ಹೊಗೆ ಎದ್ದಿತು. ಡ್ರೈವರ್ ಬೋರಲಿಂಗ ಗಾಡಿ ನಿಲ್ಲಿಸಿ, ಯಾವುದೋ ಗಾಳಿ ಮೆಟ್ಟಿಕೊಂಡಿದೆ ಎಂದು ಚಕ್ರಕ್ಕೆ ನಿಂಬೆಹಣ್ಣು ನಿವಾಳಿಸಿದ. ಹಿಡಿತ ಬಿಡಲಿಲ್ಲ. ಕೊನೆಗೆ ಮೆಕ್ಯಾನಿಕ್ ಅಂತ ನನ್ನನ್ನೇ ಕರೆಸಿದ.

ನಾನು ಜಾಕಿ ಕೊಟ್ಟು ಚಕ್ರ ತಿರುಗಿಸಲು ನೋಡಿದೆ, ಅಲ್ಲಾಡಲಿಲ್ಲ. ಬ್ರೇಕಿನ ಸಣ್ಣ ನಟ್ಟು ಸಡಿಲಿಸಿದೆ. ಸಿಕ್ಕಿಕೊಂಡಿದ್ದ ಎಣ್ಣೆ ಚಿಮ್ಮಿತು, ಚಕ್ರ ಗಿರ್ರನೆ ತಿರುಗಿತು. ಅಂದ್ರೆ ಬ್ರೇಕು ನಿರಪರಾಧಿ. ಅದಕ್ಕೆ ಎಣ್ಣೆ ತರುವ ರಬ್ಬರ್ ಕೊಳವೆಯನ್ನು ಬಿಚ್ಚಿ ಕೊಯ್ದೆ. ಹೊರಗೆಲ್ಲಾ ನುಣುಪು, ಒಳಗೆ ಊದಿಕೊಂಡು ಎಣ್ಣೆಯ ದಾರಿ ಬಿಗಿದಿತ್ತು.

“ಒತ್ತು ಅಂತ ಬಂದ ಎಣ್ಣೆಯನ್ನು ನೀನು ಒಳಗೆ ಬಿಟ್ಟೆ. ವಾಪಸ್ ಹೋಗೋಕೆ ಯಾಕೆ ಬಿಡಲಿಲ್ಲ?” ಎಂದು ಬ್ರೇಕು ಕೊಳವೆಯನ್ನು ಕೇಳಿತು.

“ಬಿಟ್ಟಿದ್ದರೆ, ನಾನೊಬ್ಬ ಇದ್ದೀನಿ ಅಂತ ನಿಮಗೆ ಗೊತ್ತಾಗ್ತಿತ್ತಾ?” ಎಂದಿತು ಕೊಳವೆ, ತಣ್ಣಗೆ.

ಕೊಳವೆಯನ್ನು ಎತ್ತಿ ಎಸೆದೆ. ಮಾರನೇ ದಿನ ಹಾದಿಬದಿಯಲ್ಲಿ ನೋಡಿದರೆ, ಅದು ಕೊನೆಯ ಹನಿ ಎಣ್ಣೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಬಿದ್ದಿತ್ತು.