ಎದ್ದೇಳದ ಕಂಪ್ಯೂಟರೊಳಗೆ ಅಮ್ಮನ ಸೋಬಾನೆ

ಬಾ ಮಗಾ, ಕಾಲು ಚಾಚಿ ಮಲಕ್ಕೊ, ಕಂಬಳಿ ಒದೀಬೇಡ. ನೀನು ಹೂಂ ಅಂತಿರ್ಬೇಕು, ನಾನು ಹೇಳ್ತಿರ್ಬೇಕು. ಹೂಂ ಅನ್ನೋದು ನಿಂತ್ರೆ ನಿದ್ದೆ ಬಂತು ಅಂತ ತಿಳ್ಕೊತೀನಿ.

ಒಂದಾನೊಂದು ಕಾಲದಲ್ಲಿ, ರಾಜರ ಕಾಲ ಅಲ್ಲ ಮತ್ತೆ, ಹಾಲಿನ ಡೈರಿಗೂ ಕಂಪ್ಯೂಟರ್ ಬಂದಿದ್ದ ಕಾಲದಲ್ಲಿ, ನನ್ನ ತವರಿನ ಆಚೆಗೆ ಹುಣಸೇಪಾಳ್ಯ ಅಂತ ಒಂದೂರಿತ್ತಂತೆ. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಸೋಬಾನೆ ಹಾಡೋಳು ಇದ್ಲಂತೆ. ಸುತ್ತೇಳು ಹಳ್ಳೀಲಿ ಮದುವೆ ಅಂದ್ರೆ ಅವಳೇ ಹಾಡ್ಬೇಕು. ಅವಳು ಬಾಯಿ ತೆಗೆದ್ರೆ ಒಲೆ ಮುಂದಿದ್ದ ಹೆಂಗಸ್ರೂ ಸೌಟು ಹಿಡ್ಕೊಂಡೇ ಬಂದು ಬಾಗ್ಲಲ್ಲಿ ನಿಂತ್ಕೊಳ್ತಿದ್ರಂತೆ.

ಅವಳಿಗೆ ಮೂರು ಜನ ಹೆಣ್ಣುಮಕ್ಳು. ದೊಡ್ಡವಳು ಮಹದೇವಿ, ಡೈರೀಲಿ ಕೆಲಸ ಮಾಡೋಳು, ಮಾತು ಕಡಿಮೆ. ನಡುವಿನವಳು ಶಿವಮಲ್ಲಿ, ಅಮ್ಮನ ಗಂಟಲೇ ಬಂದಿತ್ತು, ಜೊತೆಗೆ ಮೂಗಿನ ತುದೀಲಿ ಕೋಪಾನೂ ಇತ್ತು. ಕಿರಿಯವಳು ಚೆನ್ನಾಜಿ, ಕಾಲೇಜು ಮುಗಿಸಿ ಮನೇಲಿದ್ಲು, ಯಾರೇನು ಹೇಳಿದ್ರೂ ಯಾಕೆ ಅಂತ ಕೇಳ್ದೆ ಒಪ್ತಿರಲಿಲ್ವಂತೆ.

ಡೈರಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೇದನ್ನ ಮಹದೇವಿಗೆ ಕೊಟ್ರಂತೆ. ಅವಳು ಅದನ್ನ ಮನೆಗೆ ತಂದ್ಲು. ಆಮೇಲೆ ಶಿವಮಲ್ಲಿ ಒಂದು ಮೈಕ್ ತಂದು ಸಿಕ್ಕಿಸಿ, ಅಮ್ಮನ್ನ ಮುಂದೆ ಕೂರಿಸಿ, ಒಂದೊಂದೇ ಹಾಡು ಹಾಡಿಸಿ ತುಂಬಿಟ್ಲಂತೆ. ಚಿಕ್ಕತಾಯಮ್ಮ ನಗ್ತಿದ್ಲಂತೆ, ನಾನೇ ಇದ್ದೀನಲ್ಲ, ಆ ಡಬ್ಬಕ್ಕೆ ಯಾಕೆ ತುಂಬ್ತೀರಿ ಅಂತ.

ತುಂಬಿದ್ದೇ ಒಳ್ಳೇದಾಯ್ತು ನೋಡು. ವರ್ಷ ಕಳಿಯೋದ್ರೊಳಗೆ ಅವಳಿಗೆ ಲಕ್ವ ಹೊಡೀತು. ಬಲಗೈ ಬಿದ್ದೋಯ್ತು, ಮಾತು ನಿಂತೋಯ್ತು. ಹಾಡೋ ಬಾಯಿ ಮೂಗಾಯ್ತು. ಆಮೇಲೆ ದಿನಾ ಸಾಯಂಕಾಲ ದೀಪ ಹಚ್ಚಿದ ಮೇಲೆ ಮಕ್ಳು ಕಂಪ್ಯೂಟರಲ್ಲಿ ಆ ಹಾಡು ಹಾಕೋರು, ಅವಳು ಎಡಗೈಯಿಂದ ಮಂಡಿ ಮೇಲೆ ತಾಳ ಹಾಕ್ತಾ ಕೇಳೋಳಂತೆ. ಅಷ್ಟು ಹೊತ್ತು ಅವಳ ಮುಖ ಮೊದಲಿನ ಹಾಗೇ ಆಗ್ತಿತ್ತಂತೆ.

ಹೀಗಿರೋವಾಗ ಶಿವಮಲ್ಲಿಗೆ ಮದುವೆ ಗೊತ್ತಾಯ್ತು. ಅರಿಸಿನ ಹಚ್ಚೋವಾಗ ಅಮ್ಮನ ದನಿ ಇಲ್ದೆ ನಾನು ಹಸೆಮಣೆ ಮೇಲೆ ಕೂರಲ್ಲ ಅಂದ್ಲಂತೆ ಅವಳು. ಕಂಪ್ಯೂಟರಲ್ಲೇ ಹಾಕೋಣ ಅಂತ ಎಲ್ರೂ ಒಪ್ಕೊಂಡ್ರು.

ಒಂದು ಮಧ್ಯಾಹ್ನ ಕಂಪ್ಯೂಟರು ತನ್ನನ್ನ ತಾನೇ ಹೊಸದು ಮಾಡ್ಕೊಳ್ತಾ ಕೂತಿತ್ತಂತೆ. ಮುಗಿಯೋ ತನಕ ಆಫ್ ಮಾಡಬೇಡಿ ಅಂತ ಪರದೆ ಮೇಲೆ ಬರೆದಿತ್ತು. ಆಗ ಗುಡುಗು ಶುರುವಾಯ್ತು. ಮನೇಲಿ ಮಲಗಿದ್ದ ಅಮ್ಮನ್ನ ಬಿಟ್ರೆ ಮಹದೇವಿ ಒಬ್ಬಳೇ. ಹೋದ ವರ್ಷ ಪಕ್ಕದ ಮನೆ ಟಿವಿ ಸಿಡಿಲಿಗೆ ಸುಟ್ಟಿದ್ದು ನೆನಪಾಗಿ, ಅಯ್ಯೋ ಅಮ್ಮನ ಹಾಡು ಸುಟ್ಟೋದಾವು ಅಂತ ಓಡಿಹೋಗಿ ಪ್ಲಗ್ ಕಿತ್ತುಬಿಟ್ಲಂತೆ. ಒಳ್ಳೇದಕ್ಕೇ ಮಾಡಿದ್ಲು ಪಾಪ. ಸಾಯಂಕಾಲ ಹಾಕಿ ನೋಡಿದ್ರೆ ಪರದೆಯೆಲ್ಲ ಕಪ್ಪು, ನಡುವೆ ಒಂದೇ ಸಾಲು ಬಿಳಿ ಅಕ್ಷರ. ಚೆನ್ನಾಜಿ ಓದಿದ್ಲು, ಆಪರೇಟಿಂಗ್ ಸಿಸ್ಟಮ್ ಸಿಕ್ತಾ ಇಲ್ಲ ಅಂತ ಇಂಗ್ಲಿಷಲ್ಲಿತ್ತು.

ಹಂಗಂದ್ರೇನಜ್ಜಿ ಅಂತೀಯಾ? ತಾಳು, ಆ ಮನೇಲೂ ಅವತ್ತು ಯಾರಿಗೂ ಗೊತ್ತಿರಲಿಲ್ಲ.

ಶಿವಮಲ್ಲಿ ಅಕ್ಕನ್ನ ಒಂದು ಸಲ ನೋಡಿದ್ಲು. ಅಮ್ಮನ ದನೀನ ಒಂದು ಸಲ ಲಕ್ವ ಕಿತ್ಕೊಂಡಿತ್ತು, ಎರಡನೇ ಸಲ ನೀನು ಕಿತ್ಕೊಂಡೆ ಅಂದ್ಲು. ಅಷ್ಟೇ, ಅವತ್ತಿಂದ ಅಕ್ಕನ ಜೊತೆ ಮಾತು ಬಿಟ್ಲಂತೆ. ಚಿಕ್ಕತಾಯಮ್ಮ ಎಲ್ಲಾ ಕೇಳಿಸ್ಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಲಂತೆ. ಅದು ಕಿರಿಯವಳಿಗೆ ತಡ್ಕೊಳ್ಳೋಕಾಗಲಿಲ್ಲ.

ಆಮೇಲೆ ಚೆನ್ನಾಜಿ ಆ ಕಂಪ್ಯೂಟರ್ ಪೆಟ್ಟಿಗೇನ ಸೀರೇಲಿ ಸುತ್ತಿ, ಮಡಿಲಲ್ಲಿಟ್ಕೊಂಡು ಬಸ್ಸಲ್ಲಿ ತಾಲ್ಲೂಕಿಗೆ ಹೋದ್ಲಂತೆ. ಮೊದಲನೇ ರಿಪೇರಿ ಅಂಗಡಿಯವನು ಹೊರಗಿಂದಲೇ ನೋಡಿ, ಇದು ಮುದಿಯಾಯ್ತಮ್ಮ, ಗುಜರಿಗೆ ಹಾಕು ಅಂದ. ಯಾಕೆ ಅಂತ ಕೇಳಿದ್ರೆ, ಯಾಕೆ ಅಂದ್ರೆ ಮುದಿಯಾಯ್ತು ಅಂದ. ಎರಡನೇ ಅಂಗಡಿಯವನು ಒಳ್ಳೆಯವನು, ತೆರೆದು ನೋಡಿದ, ಸಾಯಂಕಾಲಕ್ಕೆ ಸರಿಮಾಡಿ ಕೊಡ್ತೀನಿ, ಎಲ್ಲಾ ಅಳಿಸಿ ಹೊಸದಾಗಿ ಹಾಕಿದ್ರೆ ಓಡುತ್ತೆ ಅಂದ. ಚೆನ್ನಾಜಿಗೆ ಹೋದ ಜೀವ ಬಂದ ಹಾಗಾಯ್ತು. ಆದ್ರೆ ಕೇಳ್ದೆ ಇರೋಳಲ್ವಲ್ಲ, ಎಲ್ಲಾ ಅಂದ್ರೆ ಏನೇನು ಅಂತ ಕೇಳಿದ್ಲು. ಎಲ್ಲಾ ಅಂದ್ರೆ ಎಲ್ಲಾನೂ, ಒಳಗೆ ಹಾಡು ಇದ್ರೆ ಅದೂ ಹೋಗುತ್ತೆ ಅಂದ. ಅವಳು ಪೆಟ್ಟಿಗೇನ ಮತ್ತೆ ಸೀರೇಲಿ ಸುತ್ಕೊಂಡು ಎದ್ದುಬಿಟ್ಲು. ಆಗ ಅವನೇ ಕರೆದು, ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಹೇಳ್ಕೊಡೋ ಜರೀನಾ ಮೇಡಂ ಅಂತ ಇದ್ದಾರೆ, ನನಗೆ ಅಷ್ಟು ಪುರುಸೊತ್ತಿಲ್ಲ, ಅವರನ್ನ ಕೇಳಿ ನೋಡು ಅಂತ ದಾರಿ ತೋರಿಸಿದನಂತೆ.

ಮೂರನೆಯವರು ಆ ಜರೀನಾ ಮೇಡಂ. ಅವರು ಮೊದಲು ಹುಡುಗೀಗೆ ಟೀ ಕೊಟ್ಟು ಕತೆಯೆಲ್ಲಾ ಕೇಳಿದ್ರಂತೆ. ಆಮೇಲೆ ಹೇಳಿದ್ರಂತೆ, ನೋಡಮ್ಮ, ಈ ಪೆಟ್ಟಿಗೆ, ಪರದೆ, ಕೀಬೋರ್ಡು, ಒಳಗಿರೋ ಡಿಸ್ಕು, ಇದೆಲ್ಲಾ ಮೈ. ಹಾಡು ಹಾಕೋಕೆ ಒಂದು ಪ್ರೋಗ್ರಾಂ, ಪತ್ರ ಬರೆಯೋಕೆ ಒಂದು, ಚಿತ್ರ ನೋಡೋಕೆ ಇನ್ನೊಂದು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು. ಇವೆಲ್ಲಕ್ಕೂ ನಡುವೆ ನಿಂತು, ಯಾರ ಸರದಿ ಮೊದಲು, ಯಾರಿಗೆ ಎಷ್ಟು ಜಾಗ, ಯಾವ ಫೈಲು ಎಲ್ಲಿದೆ, ಪರದೆಗೆ ಏನು ಹೇಳ್ಬೇಕು, ಸ್ಪೀಕರಿಗೆ ಏನು ಹೇಳ್ಬೇಕು ಅಂತ ನೋಡ್ಕೊಳ್ಳೋದೇ ಆಪರೇಟಿಂಗ್ ಸಿಸ್ಟಮ್. ಮದುವೆ ಮನೇಲಿ ಪಾರುಪತ್ಯ ಮಾಡೋರು ಇರ್ತಾರಲ್ಲಮ್ಮ, ಅಕ್ಕಿ ಎಲ್ಲಿ, ಪಂಕ್ತಿ ಯಾವಾಗ ಅಂತ, ಹಂಗೇ ಅನ್ಕೊ. ಅದು ತನ್ನನ್ನ ಹೊಸದು ಮಾಡ್ಕೊಳ್ತಾ ಅರ್ಧದಲ್ಲಿದ್ದಾಗ ಪ್ಲಗ್ ಕಿತ್ತಿದ್ರಿಂದ ಕೆಟ್ಟು ಕೂತಿದೆ ಅಂದ್ರಂತೆ. ಸಿಡಿಲಿಗೆ ಹೆದರಿ ನಾನಾದ್ರೂ ಕೀಳ್ತಿದ್ದೆ, ನಿಮ್ಮಕ್ಕನ್ನ ಬೈಬೇಡಿ ಅಂತಾನೂ ಅಂದ್ರಂತೆ.

ಚೆನ್ನಾಜಿ ಅಳೋ ದನೀಲಿ ಕೇಳಿದ್ಲಂತೆ, ಹಾಡು? ಅಂತ.

“ಪಾರುಪತ್ಯದವರು ಮಲಗಿದ್ರೆ ಉಗ್ರಾಣ ಖಾಲಿಯಾಗಲ್ಲಮ್ಮ. ಹಾಡು ಡಿಸ್ಕಲ್ಲೇ ಇರ್ಬೇಕು. ಅದರ ಮೇಲೆ ಯಾರೂ ಏನೂ ಬರೀದ ಹಾಗೆ ನೋಡ್ಕೋ.”

ನಾನೇ ಮಾಡಿಕೊಡಬಹುದು, ಆದ್ರೆ ನಾಳೆ ಇನ್ನೊಂದು ಕೆಟ್ರೆ ಮತ್ತೆ ಬಸ್ಸು ಹತ್ತಬೇಕು, ನೀನೇ ಕಲಿತು ಮಾಡು ಅಂದ್ರಂತೆ ಮೇಡಂ. ದಿನಾ ಬಂದು ಕಲಿತ್ಲು ಚೆನ್ನಾಜಿ. ಕಲಿತ ಮೇಲೆ ಅವರು ಒಂದು ಪೆನ್‌ಡ್ರೈವ್ ಕೊಟ್ರು. ಅದರೊಳಗೆ ಬೇರೆ ಆಪರೇಟಿಂಗ್ ಸಿಸ್ಟಮ್ ಇತ್ತು, ಯಾರು ಬೇಕಾದ್ರೂ ಹಾಕ್ಕೊಬಹುದಾದಂಥದ್ದು. ಒಳಗಿನ ಡಿಸ್ಕ್ ಮುಟ್ಟದೆ ಇದರಿಂದಲೇ ಕಂಪ್ಯೂಟರನ್ನ ಎಬ್ಬಿಸಬಹುದು, ಎದ್ದ ಮೇಲೆ ಹಾಡನ್ನ ಇನ್ನೊಂದು ಪೆನ್‌ಡ್ರೈವಿಗೆ ಇಳಿಸ್ಕೊ, ಇಳಿಸಿದ ಮೇಲೇ ಹೊಸದು ಹಾಕು ಅಂತ ಹೇಳಿ ಕಳಿಸಿದ್ರಂತೆ.

ಆಮೇಲೆ ಒಂದು ಭಾನುವಾರ ಊಟ ಆದ ಮೇಲೆ ಚೆನ್ನಾಜಿ ಕಂಪ್ಯೂಟರ್ ಮುಂದೆ ಕೂತ್ಲು. ಮೊದಲನೇ ಕಷ್ಟ ಎಬ್ಬಿಸೋದು. ಕರೆಂಟು ತಾಕಿದ ಕೂಡಲೇ ಪೆಟ್ಟಿಗೆ ಆಪರೇಟಿಂಗ್ ಸಿಸ್ಟಮ್ ಎಲ್ಲಿ ಅಂತ ಹುಡುಕುತ್ತಂತೆ, ಮೊದಲು ಡಿಸ್ಕಲ್ಲೇ ಹುಡುಕೋದು ಅದರ ರೂಢಿ. ಅಲ್ಲಲ್ಲ, ಪೆನ್‌ಡ್ರೈವಲ್ಲಿ ನೋಡು ಅಂತ ಹೇಳೋಕೆ ಆ ಗಳಿಗೇಲೇ ಒಂದು ಗುಂಡಿ ಒತ್ತಬೇಕು. ಚೆನ್ನಾಜಿ ಸ್ವಿಚ್ಚು ಹಾಕಿ ಕೀಬೋರ್ಡಿಗೆ ಕೈ ತರೋದ್ರೊಳಗೆ ಅದೇ ಕಪ್ಪು ಪರದೆ, ಅದೇ ಬಿಳಿ ಸಾಲು. ಹೀಗೇ ಎಷ್ಟೋ ಸಲ ಆಯ್ತು. ಮೂಲೇಲಿ ಕೂತಿದ್ದ ಮಹದೇವಿ ಎದ್ದು ಬಂದು, ಸ್ವಿಚ್ಚು ನಾನು ಹಾಕ್ತೀನಿ, ನೀನು ಗುಂಡಿ ಒತ್ತು ಅಂದ್ಲಂತೆ. ಅವಳು ಹಾಕಿದ್ಲು, ಇವಳು ಟಕಟಕ ಒತ್ತಿದ್ಲು. ಪರದೆ ನಿಧಾನಕ್ಕೆ ಬೆಳಗಾಯ್ತು ನೋಡು, ತಿಳಿ ನೀಲಿ ಬಣ್ಣ.

ಎರಡನೇ ಕಷ್ಟ ಹುಡುಕೋದು. ಡಿಸ್ಕ್ ತೆರೆದ್ರೆ ಫೋಲ್ಡರೊಳಗೆ ಫೋಲ್ಡರು. ಡೈರಿ ಕಾಲದ್ದು, ಫೋಟೋದ್ದು, ಯಾವ್ಯಾವುದೋ. ಚೆನ್ನಾಜಿ ಒಂದೊಂದೇ ತೆರೀತಾಳೆ, ಹಾಡಿಲ್ಲ. ಮಹದೇವಿ ಮುಖ ಸೀದ ರೊಟ್ಟಿ ಹಂಗಾಯ್ತಂತೆ. ಆಗ ಬಾಗ್ಲಲ್ಲಿ ನಿಂತಿದ್ದ ಶಿವಮಲ್ಲಿ, ಗೋಡೆಗೆ ಹೇಳೋ ಹಾಗೆ, ಅಕ್ಕನ ಹೆಸರಲ್ಲಿ ಒಂದು ಫೋಲ್ಡರ್ ಇರುತ್ತೆ, ಅದರೊಳಗೆ ನಾನು ತಾಯವ್ವ ಅಂತ ಹೆಸರಿಟ್ಟಿದ್ದೆ ಅಂದ್ಲಂತೆ. ಹೋಗಿ ನೋಡಿದ್ರೆ ತಾಯವ್ವ ಅಲ್ಲೇ ಇದ್ದಾಳೆ. ಹಾಡೆಲ್ಲಾ ಸಾಲಾಗಿ ಕೂತಿದ್ದಾವೆ.

ಇಳಿಸೋಕೆ ಶುರುಮಾಡಿದ್ಲು ಚೆನ್ನಾಜಿ. ಆದ್ರೆ ಆಸೆ ತಡೀಬೇಕಲ್ಲ, ಒಂದು ಹಾಡು ಇದೆಯಾ ನೋಡೋಣ ಅಂತ ಒತ್ತಿದ್ಲು, ಇನ್ನೊಂದು ಒತ್ತಿದ್ಲು, ಮತ್ತೊಂದು ಒತ್ತಿದ್ಲು. ದನಿ ಬರೋದ್ರೊಳಗೇ ಕಂಪ್ಯೂಟರು ನಿಂತಲ್ಲೇ ನಿಂತೋಯ್ತು. ಬಾಣದ ಗುರುತು ಅಲ್ಲಾಡಲ್ಲ. ಡಿಸ್ಕು ಅಂದ್ರೆ ಉಗ್ರಾಣ, ಅದು ದೊಡ್ಡದು. ಮೆಮೊರಿ ಅಂದ್ರೆ ಕೆಲಸ ಮಾಡೋ ಹಲಗೆ, ಅದು ಚಿಕ್ಕದು. ಹಲಗೆ ಮೇಲೆ ಎಲ್ಲಾ ಒಟ್ಟಿಗೆ ಹರಡಿದ್ರೆ ಕೈಯಾಡಿಸೋಕೆ ಜಾಗ ಎಲ್ಲಿ? ಮೇಡಂ ಹೇಳಿದ್ರು, ಇವಳು ಮರೆತಿದ್ಲು.

ಗಾಬರೀಲಿ ಮಹದೇವಿ ಕೈ ತಾನಾಗೇ ಪ್ಲಗ್ ಕಡೆ ಹೋಯ್ತಂತೆ. ಶಿವಮಲ್ಲಿ ಓಡಿಬಂದು ಆ ಕೈ ಹಿಡ್ಕೊಂಡ್ಲು.

“ಬೇಡಕ್ಕ. ಕಾಯೋಣ.”

ಅಷ್ಟು ದಿನ ಆದ ಮೇಲೆ ಅಕ್ಕ ಅಂದಿದ್ದು ಅದೇ ಮೊದಲು. ಮೂರೂ ಜನ ಕೈ ಕೈ ಹಿಡ್ಕೊಂಡು ನೆಲದ ಮೇಲೆ ಕೂತ್ರಂತೆ. ಮಹದೇವಿ ಕಣ್ಣಲ್ಲಿ ನೀರು ಇಳೀತಾನೇ ಇತ್ತು, ಶಿವಮಲ್ಲಿ ತನ್ನ ಸೆರಗಿಂದ ಒರೆಸ್ತಾನೇ ಇದ್ಲು. ಬಿಸಿಲು ಜಗಲಿಯಿಂದ ಇಳಿಯೋ ಹೊತ್ತಿಗೆ ಬಾಣದ ಗುರುತು ಮಿಣುಕ್ ಅಂತ ಅಲ್ಲಾಡ್ತು. ಆಮೇಲೆ ಚೆನ್ನಾಜಿ ಬೇಡದ್ದೆಲ್ಲಾ ಮುಚ್ಚಿ, ಕೈಕಟ್ಟಿ ಕೂತು, ಎಲ್ಲಾ ಹಾಡೂ ಇಳಿದ ಮೇಲೇ ಉಸಿರು ಬಿಟ್ಟಳಂತೆ.

ಕೇಳ್ತಿದೀಯಾ ಮಗಾ? ಹೂಂ ಅಂದ್ಯಾ, ಸರಿ.

ಮೂರನೇ ಕಷ್ಟ ಇನ್ನೂ ಇತ್ತು. ಮಾರನೇ ದಿನ ಹೊಸ ಆಪರೇಟಿಂಗ್ ಸಿಸ್ಟಮ್ಮನ್ನ ಡಿಸ್ಕಿಗೆ ಹಾಕಿದ್ಲು, ಹಾಡನ್ನ ವಾಪಸ್ ತುಂಬಿದ್ಲು, ಪೆನ್‌ಡ್ರೈವಲ್ಲೂ ಒಂದು ಪ್ರತಿ ಉಳಿಸಿದ್ಲು. ಅಮ್ಮನ್ನ ಎತ್ತಿ ಕೂರಿಸಿ, ದಿಂಬು ಕೊಟ್ಟು, ಹಾಡು ಹಾಕಿದ್ರೆ, ಹಾಡು ಓಡ್ತಾ ಇದೆ ಅಂತ ಪರದೆ ತೋರಿಸ್ತಿದೆ, ದನಿ ಮಾತ್ರ ಇಲ್ಲ! ಚಿಕ್ಕತಾಯಮ್ಮ ಒಬ್ಬೊಬ್ಬರ ಮುಖಾನೂ ನೋಡಿದ್ಲಂತೆ. ಅಮ್ಮನ ಹಾಗೇ ಇದೂ ಮೂಗಾಯ್ತಲ್ಲ ಅಂತ ಶಿವಮಲ್ಲಿ ಒಳಗೆ ಎದ್ದುಹೋದ್ಲು.

ಚೆನ್ನಾಜಿ ಮೇಡಂಗೆ ಫೋನ್ ಮಾಡಿದ್ಲು. ಅವರು ನಕ್ರಂತೆ. ಹೊಸದಾಗಿ ಬಂದ ಪಾರುಪತ್ಯದವರಿಗೆ ನಿಮ್ಮ ಮನೆ ಆಳಿನ ಭಾಷೆ ಬರಬೇಕಲ್ಲಮ್ಮ, ದನಿ ಹೊರಡಿಸೋ ಭಾಗದ ಮಾತು ಇದಕ್ಕೆ ತಿಳೀತಿಲ್ಲ, ನಡುವೆ ದುಭಾಷಿ ಬೇಕು, ಅದಕ್ಕೆ ಡ್ರೈವರ್ ಅಂತಾರೆ, ನಿನ್ನ ಫೋನಿನ ಇಂಟರ್ನೆಟ್ಟಿಂದ ಇಳಿಸಿ ಹಾಕು, ಹೀಗೀಗೆ ಮಾಡು ಅಂದ್ರು. ಫೋನಿಗೆ ಸಿಗ್ನಲ್ ಸಿಗೋದು ಕಿಟಕಿ ಹತ್ರ ಮಾತ್ರ. ಮಹದೇವಿ ಕಿಟಕೀಲಿ ಕೈ ಚಾಚಿ ಫೋನ್ ಹಿಡ್ಕೊಂಡು ನಿಂತ್ಲು, ತೋಳು ಮರಗಟ್ಟಿದ್ರೂ ಇಳಿಸಲಿಲ್ಲವಂತೆ. ಡ್ರೈವರ್ ಬಂತು, ಹಾಕಿದ್ಲು, ಒಂದು ಸಲ ಆರಿಸಿ ಹಚ್ಚು ಅಂತ ಪರದೆ ಮೇಲೆ ಬಂತು, ಕ್ರಮವಾಗಿ ಆರಿಸಿ ಹಚ್ಚಿದ್ಲು. ಆಮೇಲೆ ಹಾಡು ಒತ್ತಿದ್ಲು.

ಚಿಕ್ಕತಾಯಮ್ಮನ ದನಿ ಮನೆ ತುಂಬಾ ಹರಡ್ತಂತೆ. ಒಳಗಿದ್ದ ಶಿವಮಲ್ಲಿ ಹೊರಗೆ ಬಂದ್ಲು, ಬೀದೀಲಿ ಹೋಗೋರು ನಿಂತ್ಕೊಂಡ್ರು. ಅಮ್ಮ ಎಡಗೈ ಎತ್ತಿ ಮಂಡಿ ಮೇಲೆ ತಾಳ ಹಾಕೋಕೆ ಶುರುಮಾಡಿದ್ಲು.

ಅರಿಸಿನದ ಹಾಡು ಬಂದಾಗ ಮಾತ್ರ ಅವಳ ಕೈ ನಿಂತುಬಿಡ್ತು. ಬೇಡ ಅಂತ ತಲೆ ಅಲ್ಲಾಡಿಸಿದ್ಲು. ಮತ್ತೆ ಹಾಕಿದ್ರು, ಅದೇ ಜಾಗದಲ್ಲಿ ಮತ್ತೆ ಕೈ ಎತ್ತಿದ್ಲು. ಕಂಪ್ಯೂಟರ್ ಏನೋ ತಿಂದಿದೆ ಅಂತ ಚೆನ್ನಾಜಿ ಹೆದರಿ ಎಲ್ಲಾ ನೋಡಿದ್ಲು, ಫೈಲು ಸರಿಯಾಗೇ ಇದೆ. ಅಮ್ಮ ಬೆರಳು ಮಾಡಿ ಮಹದೇವಿನ ತೋರಿಸಿದ್ಲು, ತನ್ನ ಕಣ್ಣು ಮುಟ್ಕೊಂಡ್ಲು, ಅಂಗೈ ಮುಟ್ಕೊಂಡ್ಲು. ಯಾರಿಗೂ ತಿಳೀಲಿಲ್ಲ. ಮಹದೇವಿಗೆ ಮಾತ್ರ ಹೊಳೀತು, ಮೆಲ್ಲಗೆ ಅಂದ್ಲಂತೆ, ಇಲ್ಲೊಂದು ಸೊಲ್ಲು ಇತ್ತು, ತುಂಬೋ ದಿನ ಅಮ್ಮನೇ ಮರೆತು ಬಿಟ್ಟಿದ್ದಾಳೆ, ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಅವಳು ಯಾವತ್ತೂ ನಾಲ್ಕು ಜನರ ಮುಂದೆ ಹಾಡಿದೋಳಲ್ಲ. ಅಮ್ಮ ನೋಡ್ತಾನೇ ಇದ್ಲು. ಹಾಡ್ಬೇಕಾಯ್ತು.

“ಅಕ್ಕಿಯ ತೊಳೆದ ಕೈ ಅರಿಸಿನಕೆ ಹೊರಟೈತೆ,
ಅಕ್ಕಯ್ಯ ನಿನ್ನ ಕಣ್ಣ್ಯಾಕೆ ನೆಂದೈತೆ…”

ಚಿಕ್ಕತಾಯಮ್ಮ ನಕ್ಕಳಂತೆ, ಬಾಯಿ ಸೊಟ್ಟಗಿದ್ರೂ ಪೂರ್ತಿ ನಕ್ಕಳಂತೆ.

ಆಮೇಲೆ ಮದುವೆ ಬಂತು. ಶಿವಮಲ್ಲಿ ಹಸೆಮಣೆ ಮೇಲೆ ಕೂತ್ಲು, ಮುತ್ತೈದೆಯರು ಅರಿಸಿನ ತಂದ್ರು, ಕಂಪ್ಯೂಟರಿಂದ ಅಮ್ಮನ ದನಿ ಬಂತು. ಆ ಜಾಗ ಬಂದಾಗ ಚೆನ್ನಾಜಿ ಹಾಡು ತಡೆದು ನಿಲ್ಲಿಸಿದ್ಲು. ತುಂಬಿದ ಮನೇಲಿ ಮಹದೇವಿ ನಿಂತ್ಕೊಂಡು ಆ ಸೊಲ್ಲು ಹಾಡಿದ್ಲು, ತಂಗಿ ಕೆನ್ನೆಗೆ ಅರಿಸಿನ ಹಚ್ಚಿದ್ಲು. ಅವಳ ದನಿ ಮುಗಿದ ಕಡೆಯಿಂದ ಅಮ್ಮನ ದನಿ ಮತ್ತೆ ಎತ್ಕೊಳ್ತಂತೆ. ಕೇಳಿದೋರಿಗೆ ಎಲ್ಲಿ ಕಂಪ್ಯೂಟರು, ಎಲ್ಲಿ ಮಗಳು ಅಂತ ಗೊತ್ತಾಗಲಿಲ್ಲವಂತೆ. ಜರೀನಾ ಮೇಡಂ ಮುಂದಿನ ಸಾಲಲ್ಲೇ ಕೂತು ಊಟ ಮಾಡಿ ಹೋದ್ರಂತೆ, ಹೋಗೋವಾಗ ಚೆನ್ನಾಜಿಗೆ ನಾಳೆಯಿಂದ ನನ್ನ ಜೊತೆ ಹೇಳ್ಕೊಡೋಕೆ ಬಾ ಅಂದ್ರಂತೆ.

ಈಗ ಆ ಕಡೆ ಮದುವೆಗಳಿಗೆ ಮಹದೇವೀನೇ ಹೋಗಿ ಹಾಡ್ತಾಳಂತೆ. ಹೋಗೋಕೆ ಮುಂಚೆ ಅಮ್ಮನ ಮುಂದೆ ಒಂದು ಸಲ ಹಾಡಿ ತೋರಿಸ್ತಾಳಂತೆ, ತಪ್ಪಿದ ಕಡೆ ಆ ಎಡಗೈ ಎದ್ದೇ ಏಳುತ್ತಂತೆ.

ಮಗಾ? ಮಗಾ… ಹೂಂ ಅನ್ನಲ್ಲ. ಸರಿ, ಕತೆ ಅಲ್ಲಿಗೆ ಮುಗೀತು, ಅವರು ಅಲ್ಲಿ ಚೆನ್ನಾಗಿದ್ದಾರೆ, ನೀನು ಇಲ್ಲಿ ಚೆನ್ನಾಗಿ ಮಲಗು.