ದೃಷ್ಟಿ ತೆಗೆದ ನೀರು

"ಗುರುಗಳೇ, ಒಂದು ಗೆಳೆತನ ಬಾಡುತ್ತಿದ್ದರೆ ಅದನ್ನು ಕೆಡಿಸುತ್ತಿರುವವರು ಯಾರೆಂದು ಕಂಡುಹಿಡಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಹತ್ತು ವರ್ಷ ಒಂದೇ ಕೋಣೆಯಲ್ಲಿ ಜೊತೆಗಿದ್ದ ಗೆಳೆಯನ ಮೇಲೆ ಅವನು ಒಂದು ತಿಂಗಳಿಂದ ಕಣ್ಣಿಟ್ಟಿದ್ದ. ಗೆಳೆಯ ಯಾರ ಜೊತೆ ಕೂತ, ಯಾವ ಮಾತಿಗೆ ನಕ್ಕ, ಎಲ್ಲವನ್ನೂ ಗಮನಿಸುತ್ತಿದ್ದ. ಗುರುಗಳಿಗೆ ಅದು ತಿಳಿದಿತ್ತು. ಅವರು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹೆಂಡತಿ ತೀರಿಹೋಗಿ ಮೂರು ವರ್ಷವಾಗಿತ್ತು. ಆಕೆಯ ಸೀರೆಗಳನ್ನು ಅಕ್ಕತಂಗಿಯರು ಹಂಚಿಕೊಂಡು ಹೋಗಿದ್ದರು. ಆಕೆಯ ಕೈಯದು ಎಂದು ಮನೆಯಲ್ಲಿ ಉಳಿದದ್ದು ಒಂದೇ: ಪಡಸಾಲೆಯ ಕಿಟಕಿಯ ಬಳಿ ಕುಂಡದಲ್ಲಿ ನೆಟ್ಟ ಮಲ್ಲಿಗೆ ಗಿಡ. ವರ್ತಕ ಬೆಳಗ್ಗೆ ಎದ್ದು ಮೊದಲು ಅದಕ್ಕೆ ನೀರು ಹಾಕಿ, ಆಮೇಲೆ ತನ್ನ ಮುಖ ತೊಳೆಯುತ್ತಿದ್ದ. ಗಿಡ ಹೋದರೆ ಹೆಂಡತಿ ಇನ್ನೊಮ್ಮೆ ಹೋದಳೆಂದೇ ಅವನ ಲೆಕ್ಕ.

ಒಂದು ದಿನ ನೆರೆಮನೆಯಾಕೆ ಮಜ್ಜಿಗೆ ಕೊಡಲು ಬಂದವಳು ಗಿಡವನ್ನು ನೋಡಿ ನಿಂತಳು.

"ಅಣ್ಣಾರ, ಗಿಡ ಏನ್ ಛಂದ ಹಬ್ಬೇತ್ರೀ!" ಎಂದಳು.

ಮರುದಿನ ಎರಡು ಎಲೆ ಹಳದಿಯಾದವು. ಬೇಸಿಗೆ ಕಾಲಿಟ್ಟಿತ್ತು, ಎರಡು ಎಲೆ ಹಣ್ಣಾಗುವುದು ದೊಡ್ಡ ಮಾತಲ್ಲ. ಆದರೆ ವರ್ತಕನ ಕಿವಿಯಲ್ಲಿ ಆಕೆಯ ಮಾತು ಕೂತುಬಿಟ್ಟಿತ್ತು. ಇಷ್ಟು ದಿನ ಇಲ್ಲದ್ದು ಇವತ್ತೇ ಏಕೆ? ಮಜ್ಜಿಗೆ ಬರೀ ನೆಪ. ಆಕೆ ಬಂದದ್ದೇ ಕಣ್ಣು ಹಾಕುವುದಕ್ಕೆ.

ಅವನು ಹಿಡಿ ಉಪ್ಪು ತೆಗೆದುಕೊಂಡು ಗಿಡಕ್ಕೆ ಮೂರು ಸುತ್ತು ನಿವಾಳಿಸಿದ, ಆ ಉಪ್ಪನ್ನು ಚೆಂಬಿನ ನೀರಿನಲ್ಲಿ ಕರಗಿಸಿದ. ದೃಷ್ಟಿ ತೆಗೆದ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕೆಂಬುದು ರೂಢಿ. ಬೀದಿಗೆ ಚೆಲ್ಲಿದರೆ ಯಾರಾದರೂ ತುಳಿದಾರು. ಹಿತ್ತಿಲಿಗೆ ಚೆಲ್ಲಿದರೆ ಆಕೆ ಗೋಡೆಯಾಚೆಯಿಂದ ನೋಡಿಯಾಳು. ಕುಂಡದೊಳಗೆ ಕಾಲಿಡುವವರು ಯಾರು? ವರ್ತಕ ಅಲ್ಲಿಯೇ ಸುರಿದ.

ಮರುದಿನ ಇನ್ನೂ ಐದು ಎಲೆ ಬಾಡಿದವು. ಎಂಥ ಕಣ್ಣಪ್ಪ ಇದು, ಒಂದು ಹಿಡಿಗೆ ಜಗ್ಗುವುದಿಲ್ಲ ಎಂದುಕೊಂಡು ಅವನು ಎರಡು ಹಿಡಿ ಹಾಕಿದ. ಮಜ್ಜಿಗೆ ಬೇಡವೆಂದ. ಕಿಟಕಿ ಮುಚ್ಚಿದ. ಎಣ್ಣೆ ಮಾರುವವನು ಹೊಸ್ತಿಲಲ್ಲಿ ನಿಂತು ಇಣುಕಿದನೆಂದು ಎಣ್ಣೆಯನ್ನೇ ಬಿಟ್ಟ. ಕೊನೆಗೆ ತನ್ನ ಸ್ವಂತ ತಂಗಿ ಬಂದಾಗ ಆಕೆಯನ್ನು ಹೊರಗಿನ ಕಟ್ಟೆಯ ಮೇಲೆಯೇ ಕೂರಿಸಿ ಕಳಿಸಿದ. ಗಿಡ ಬಾಡಿದಷ್ಟೂ ಅವನ ಅನುಮಾನ ಗಟ್ಟಿಯಾಗುತ್ತಿತ್ತು. ಅನುಮಾನ ಗಟ್ಟಿಯಾದಷ್ಟೂ ಉಪ್ಪಿನ ಹಿಡಿ ದೊಡ್ಡದಾಗುತ್ತಿತ್ತು.

ತಿಂಗಳಿಂದ ಮುಚ್ಚಿದ ಬಾಗಿಲು ನೋಡಿ, ವರ್ತಕ ಕಾಯಿಲೆ ಬಿದ್ದನೇನೋ ಎಂದು ನೆರೆಮನೆಯಾಕೆ ಗಾಬರಿಯಾದಳು. ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ವರ್ತಕ ಕುಂಡಕ್ಕೆ ಅಡ್ಡ ನಿಂತ. ಆಕೆ ಅವನನ್ನು ಸರಿಸಿದಳು. ಮಣ್ಣಿನ ಮೇಲೆ ಬೆಳ್ಳಗೆ ಪದರ ಕಟ್ಟಿತ್ತು. ಒಂದು ಚಿಟಿಕೆ ತೆಗೆದು ನಾಲಗೆಗೆ ಹಚ್ಚಿ ಥೂ ಎಂದು ಉಗಿದಳು.

"ಅಣ್ಣಾರ, ಇದು ಮಣ್ಣಲ್ರೀ, ಉಪ್ಪಿನಕಾಯಿ ಭರಣಿ! ದಿನಾ ಏನ್ ಹಾಕಾಕ್ಹತ್ತೀರಿ ಇದಕ್ಕ?"

ಹೆಂಡತಿ ನೆಟ್ಟ ಗಿಡಕ್ಕೆ ಏನು ಮಾಡಿದೆನೆಂದು ವರ್ತಕನಿಗೆ ಆಗ ತಿಳಿಯಿತು. ಅಲ್ಲಿಯೇ ಕುಸಿದು ಕೂತು ಅತ್ತ.

ಆಕೆ ಗಿಡವನ್ನು ಮೆಲ್ಲಗೆ ಎತ್ತಿದಳು. ಬೇರನ್ನು ಮೂರು ಕೊಡ ಸಿಹಿನೀರಿನಲ್ಲಿ ತೊಳೆದಳು. ಸುಟ್ಟ ಬೇರು, ಒಣಗಿದ ಕೊಂಬೆ ಕತ್ತರಿಸಿದಳು. ಕುಂಡದ ಮಣ್ಣನ್ನೆಲ್ಲ ಚೆಲ್ಲಿ, ಕೆಮ್ಮಣ್ಣಿಗೆ ಹಳೆಯ ಗೊಬ್ಬರ ಬೆರೆಸಿ ನೆಟ್ಟು, ನೆರಳಿನಲ್ಲಿಟ್ಟಳು. ಕಣ್ಣೊರೆಸಿಕೊಂಡ ವರ್ತಕ ಆಗಲೂ ಆಕೆಯ ಕೈಯನ್ನೇ ನೋಡುತ್ತಿದ್ದ. ಮಣ್ಣಿನ ಜೊತೆ ಮತ್ತೇನನ್ನಾದರೂ ಸೇರಿಸುತ್ತಾಳೋ ಏನೋ.

ಹದಿನೆಂಟನೆಯ ದಿನ ಬೋಳು ಕಡ್ಡಿಯಲ್ಲಿ ಒಂದು ಚಿಗುರು ಕಂಡಿತು. ನೋಡಲು ಬಂದ ನೆರೆಮನೆಯಾಕೆ ಖುಷಿಯಿಂದ ಚಪ್ಪಾಳೆ ತಟ್ಟಿದಳು.

"ನೋಡ್ರೀ ಅಣ್ಣಾರ, ಎಷ್ಟ್ ಛಂದ ಚಿಗುರೇತಿ!"

ವರ್ತಕ ನಕ್ಕ. ಆಕೆಗೆ ಕೈಮುಗಿದ. ಬಾಗಿಲವರೆಗೂ ಹೋಗಿ ಕಳಿಸಿ ಬಂದ. ಆಮೇಲೆ ಅಡುಗೆಮನೆಗೆ ಹೋಗಿ ಉಪ್ಪಿನ ಮಡಕೆಯೊಳಗೆ ಕೈ ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ನಗು ತಡೆಯಲಾಗಲಿಲ್ಲ.

"ಅಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ಉಪ್ಪಿಗೆ ಕೈ ಹಾಕಿದನೇ? ಎಂಥ ದಡ್ಡ!" ಎಂದ.

ಗುರುಗಳು ಕೇಳಿದರು: "ಇವತ್ತು ನೀನು ಎಷ್ಟು ಹಿಡಿ ಹಾಕಿ ಬಂದೆ?"

ಶಿಷ್ಯ ತಲೆ ತಗ್ಗಿಸಿದ.